ನೀಲಗಿರಿಯ ಹವಣಿಕೆ

ನಂಜನಗೂಡಿನ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ, ದೇವರಗೂಡಿನ ಪಕ್ಕದ ಗೋಡೆಬೀರುವಿನೊಳಗೆ, ಕಂದಾಯದ ರಸೀತಿಗಳು, ಲಗ್ನಪತ್ರಿಕೆಗಳು, ಒಂದು ಮುರಿದ ಕನ್ನಡಕ, ಇವುಗಳ ನಡುವೆ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದು ಬಹುಕಾಲ ಇದ್ದಿತು. ಈಗ ಅದು ನನ್ನ ಬಳಿ ಇದೆ. ಅದರಲ್ಲಿ ಲೆಕ್ಕವೆಂಬುದು ಮೊದಲ ನಾಲ್ಕು ಪುಟಗಳಿಗೇ ಮುಗಿದು, ಐದನೆಯ ಪುಟದಿಂದ ಮುಂದಕ್ಕೆ, ನಮ್ಮ ತಂದೆಯವರು ತಮ್ಮ ಜೀವಮಾನದಲ್ಲಿ ಕೇವಲ ನೋಡುವ ಸಂತೋಷಕ್ಕಾಗಿ ಕೈಗೊಂಡ ಒಂದೇ ಒಂದು ಪ್ರಯಾಣದ ಸಿದ್ಧತೆಯು, ಅವರ ನೀಲಿ ಶಾಯಿಯ ದುಂಡನೆಯ ಅಕ್ಷರಗಳಲ್ಲಿ ಹದಿನೇಳು ಪುಟಗಳಷ್ಟು ಹರಡಿಕೊಂಡಿದೆ. ಆ ಶಾಯಿಯ ಸಾಲುಗಳ ಅಂಚಿನಲ್ಲಿ, ಹಲವೆಡೆ ಅವುಗಳ ನಡುವೆಯೇ ತೂರಿಕೊಂಡು, ಸೀಸದಕಡ್ಡಿಯ ಸಣ್ಣ ಅಕ್ಷರಗಳಿವೆ. ಅವು ನಮ್ಮ ತಾಯಿಯವರವು.

ನಮ್ಮ ಮನೆಯಲ್ಲಿ ಪ್ರಯಾಣವೆಂದರೆ ಮದುವೆಗೆ, ಸಾವಿಗೆ, ಇಲ್ಲವೆ ಸುತ್ತೂರಿನ ಜಾತ್ರೆಗೆ. ಮಾದೇಶ್ವರನ ಬೆಟ್ಟಕ್ಕೆ ಹರಕೆಯಿದ್ದಾಗ ಹೋಗುತ್ತಿದ್ದುದೂ ಉಂಟು. ಹೀಗಿರುವಲ್ಲಿ, ಹೈಸ್ಕೂಲಿನ ವಿಜ್ಞಾನದ ಮೇಷ್ಟರಾಗಿದ್ದ ನಮ್ಮ ತಂದೆಯವರು ಅರವತ್ತರ ದಶಕದ ನಡುವಿನಲ್ಲಿ ಒಂದು ಸಂಜೆ ಜಗಲಿಯ ಮೇಲೆ ಕುಳಿತು, ಮೇಟುಪಾಳಯದಿಂದ ಉದಕಮಂಡಲದವರೆಗೆ ಹಲ್ಲುಹಳಿಯ ಮೇಲೆ ಬೆಟ್ಟವೇರುವ ರೈಲನ್ನು ಮನೆಯವರೆಲ್ಲರೂ ನೋಡಿ ಬರತಕ್ಕದ್ದೆಂದು ಹೇಳಿದಾಗ, ಅದು ಮನೆಗೆ ಎಂಥ ಹೊಸ ಮಾತಾಗಿ ಕೇಳಿಸಿತೆಂಬುದನ್ನು ಇಂದಿನವರಿಗೆ ತಿಳಿಯಹೇಳುವುದು ಕಷ್ಟ. ನನಗೆ ಆಗ ಹತ್ತು ವರ್ಷ, ತಮ್ಮನಿಗೆ ಆರು.

ಆ ರೈಲಿನ ವಿಷಯವನ್ನು ಅವರು ವ್ರತದಂತೆ ಅಧ್ಯಯನಮಾಡಿದ್ದರು. ಪುಸ್ತಕದ ಐದನೆಯ ಪುಟದಲ್ಲಿಯೇ ಇದೆ: 1854ರಷ್ಟು ಹಿಂದೆಯೇ ಇಂಥ ಮಾರ್ಗದ ಪ್ರಸ್ತಾಪ ಹುಟ್ಟಿದ್ದು, ಕೆಲಸ ಆರಂಭವಾದದ್ದು 1891ರಲ್ಲಿ, ಕೂನೂರಿನವರೆಗೆ ಗಾಡಿ ಓಡಿದ್ದು 1899ರಲ್ಲಿ, ಅಲ್ಲಿಂದ ಉದಕಮಂಡಲವನ್ನು ಮುಟ್ಟಿದ್ದು 1908ರಲ್ಲಿ. ಒಟ್ಟು ದೂರ 46 ಕಿಲೋಮೀಟರು. ಸೇತುವೆಗಳು 250, ತಿರುವುಗಳು 208, ಸುರಂಗಗಳು 16. ಸಮುದ್ರಮಟ್ಟದಿಂದ ಸಾವಿರ ಅಡಿಯ ಮೇಲೆ ತುಸುವೇ ಎತ್ತರದಲ್ಲಿರುವ ಬಿಸಿಲ ಬಯಲಿನಿಂದ ಹೊರಟು, ಏಳು ಸಾವಿರದ ಇನ್ನೂರು ಅಡಿಗೂ ಮೇಲಿನ ಚಳಿಯ ನಾಡಿಗೆ ಅದು ಒಂದೇ ಮುಂಜಾನೆಯಲ್ಲಿ ಜನರನ್ನು ಒಯ್ಯುತ್ತಿದ್ದಿತು. ‘ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ’ ಎಂಬ ಸಾಲಿನ ಕೆಳಗೆ ಅವರು ಎರಡು ಗೆರೆಗಳನ್ನು ಎಳೆದಿದ್ದಾರೆ. ಅಷ್ಟು ಕಡಿದಾದ ಏರಿನಲ್ಲಿ ನುಣುಪಾದ ಹಳಿಯ ಮೇಲೆ ನುಣುಪಾದ ಚಕ್ರವು ನಿಲ್ಲಲಾರದು. ಆದುದರಿಂದಲೇ ಎರಡು ಹಳಿಗಳ ನಡುವೆ, ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನು ಯೋಚಿಸಿ ತೆಗೆದ ಹಲ್ಲಿನ ಪಟ್ಟಿಗಳು.

ಇದನ್ನು ನಮಗೆ ಅರ್ಥಮಾಡಿಸಲು ಅವರು ಕೈಗೊಂಡ ಉಪಾಯವು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೆಟ್ಟುಹೋದ ಅಲಾರಾಂ ಗಡಿಯಾರವೊಂದರ ಹಿತ್ತಾಳೆಯ ಹಲ್ಲುಚಕ್ರವನ್ನು ಬಿಡಿಸಿ ತೆಗೆದು, ತಾಯಿಯವರ ಮರದ ಬಾಚಣಿಗೆಯೊಂದನ್ನೂ ಅಜ್ಜಿಯ ಬಾಚಣಿಗೆಯೊಂದನ್ನೂ ಮಣೆಯ ಮೇಲೆ ಒತ್ತೊತ್ತಾಗಿ ಇಟ್ಟು, ಒಂದರ ಹಲ್ಲು ಇನ್ನೊಂದರ ಸಂದಿಗೆ ನೇರವಾಗಿ ಬರುವಂತೆ ಒಂದನ್ನು ಕೂದಲೆಳೆಯಷ್ಟು ಸರಿಸಿ, ಚಕ್ರವನ್ನು ಅವುಗಳ ಮೇಲೆ ಮೆಲ್ಲನೆ ಉರುಳಿಸಿದರು. “ನೋಡು ಮಗು, ಇದರ ಹಲ್ಲು ಬಿಡುವ ಹೊತ್ತಿಗೆ ಅದರ ಹಲ್ಲು ಹಿಡಿದಿರುತ್ತದೆ. ಯಾವಾಗಲೂ ಒಂದು ಹಿಡಿದೇ ಇರುತ್ತದೆ. ಗಾಡಿ ಕೈಬಿಡುವ ಕ್ಷಣವೆಂಬುದೇ ಇಲ್ಲ” ಎಂದರು. ಮಣೆಯ ಒಂದು ತುದಿಗೆ ಸೇರಿನ ಪಾವೊಂದನ್ನು ಒತ್ತುಕೊಟ್ಟು ಏರುಮಾಡಿದ್ದರು. ಚಕ್ರವು ಟಿಕ್ಕು ಟಿಕ್ಕೆಂದು ಹತ್ತಿತು, ಕೈ ಬಿಟ್ಟರೂ ಜಾರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯವರು ಅದನ್ನು ಬಹಳ ಹೊತ್ತು ನೋಡಿದರು. ಅನಂತರ, “ಬಾಚಣಿಗೆ ತೊಳೆದು ಕೊಡಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಹೋಗುವ ದಾರಿಯ ಪ್ರಶ್ನೆಯೇ ಮೂರು ಪುಟಗಳನ್ನು ತಿಂದಿದೆ. ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ಮೇಲೆ ಬಸ್ಸು ಹಿಡಿದರೆ ಅರ್ಧ ದಿನದೊಳಗೆ ಊಟಿಯನ್ನು ಸೇರಿ, ಅಲ್ಲಿಂದ ರೈಲಿನಲ್ಲಿ ಕೆಳಕ್ಕಿಳಿಯುವುದು ಯಾರಿಗಾದರೂ ತೋಚುವ ಸುಲಭೋಪಾಯ; ನೆರೆಹೊರೆಯವರೆಲ್ಲರೂ ಅದನ್ನೇ ಹೇಳಿದರು. ತಂದೆಯವರು ಒಪ್ಪಲಿಲ್ಲ. ಬೆಟ್ಟವನ್ನು ಬುಡದಿಂದ ಕಾಣಬೇಕು, ಸೆಕೆಯಲ್ಲಿ ಹೊರಟು ಚಳಿಗೆ ಸೇರಬೇಕು, ಅಡಕೆಯ ತೋಟ ಕಳೆದು ಕಾಡು, ಕಾಡು ಕಳೆದು ಚಹದ ತೋಟ, ಹೀಗೆ ಒಂದೊಂದೂ ತನ್ನ ಎತ್ತರದಲ್ಲಿ ಎದುರಾಗಬೇಕು, ಇಳಿಯುವವನಿಗೆ ಇದೊಂದೂ ದಕ್ಕುವುದಿಲ್ಲ ಎಂಬುದು ಅವರ ನಿಶ್ಚಯ. ಹಾಗಾದರೆ ಮೇಟುಪಾಳಯವನ್ನು ಸೇರುವುದು ಹೇಗೆ? ನಮ್ಮೂರಿನ ರೈಲು ಚಾಮರಾಜನಗರದಲ್ಲಿ ನಿಂತುಬಿಡುತ್ತಿದ್ದಿತು. ಅಲ್ಲಿಂದ ಮುಂದಕ್ಕೆ ಸತ್ಯಮಂಗಲದ ಕಡೆಯಿಂದ ಮೇಟುಪಾಳಯಕ್ಕೆ ಹಳಿ ಹಾಕುವ ಮಾತು ಹಿರಿಯರ ಕಾಲದಿಂದ ಕಾಗದದ ಮೇಲೆಯೇ ಉಳಿದಿದ್ದಿತು, ಇಂದಿಗೂ ಉಳಿದಿದೆ. ಅವರು ಬಿಡಿಸಿದ ನಕಾಶೆಯಲ್ಲಿ ಆ ಇಲ್ಲದ ಹಳಿಯನ್ನು ಚುಕ್ಕೆಗಳಲ್ಲಿ ಗುರುತಿಸಿದ್ದಾರೆ. ಕಡೆಗೆ, ಚಾಮರಾಜನಗರದವರೆಗೆ ರೈಲು, ಅಲ್ಲಿಂದ ಹಾಸನೂರು ಹಾದು, ಇಪ್ಪತ್ತೇಳು ಕಡಿದಾದ ತಿರುವುಗಳ ದಿಂಬಂ ಘಟ್ಟವನ್ನಿಳಿದು, ಬಣ್ಣಾರಿಯ ಮೇಲೆ ಸತ್ಯಮಂಗಲಕ್ಕೆ ಬಸ್ಸು, ಅಲ್ಲಿ ಬಸ್ಸು ಬದಲಿಸಿ ಮೇಟುಪಾಳಯ ಎಂದು ತೀರ್ಮಾನವಾಯಿತು.

ಕಾಲದ ಪ್ರಶ್ನೆಗೆ ಉತ್ತರ ಬಂದದ್ದು ಅರವಂಕಾಡಿನಿಂದ. ನಮ್ಮ ಸೋದರಮಾವ ಅಲ್ಲಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ನೌಕರರಾಗಿದ್ದರು. ಕೂನೂರನ್ನು ದಾಟಿದ ಮೇಲೆ ಎರಡನೆಯ ಸ್ಟೇಷನ್ನೇ ಅರವಂಕಾಡು. ‘ಪೂಜ್ಯ ಭಾವನವರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ಮೊದಲಾಗುವ ಅವರ ಕಾರ್ಡುಗಳು ಆರೇಳು ಆ ಪುಸ್ತಕದಲ್ಲಿಯೇ ಸಿಕ್ಕಿಸಲ್ಪಟ್ಟಿವೆ. ದಸರೆಯ ರಜೆಯಲ್ಲಿ ಬರೋಣವೆಂದರೆ, ಮುಂಗಾರು ಹೋಗಿ ಹಿಂಗಾರು ಹಿಡಿಯುವ ಆ ಹೊತ್ತಿನಲ್ಲಿ ಕಲ್ಲಾರಿಗೂ ಕೂನೂರಿಗೂ ನಡುವೆ ಮಣ್ಣು ಕುಸಿದು ಹಳಿ ಮುಚ್ಚಿಹೋಗುವುದು ಅಪೂರ್ವವಲ್ಲವೆಂದೂ, ಸಂಕ್ರಾಂತಿಯ ಸುಮಾರಿಗೆ ಆಕಾಶ ಸ್ವಚ್ಛವಾಗಿದ್ದರೂ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿ ಚಹದ ಚಿಗುರು ಕರಿಕಾಗುವಷ್ಟು ಚಳಿಯೆಂದೂ, ವೃದ್ಧರಿಗೆ ಅದು ತರವಲ್ಲವೆಂದೂ, ಮೇ ತಿಂಗಳಾದರೆ ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ನಿಲ್ಲಲು ಎಡೆಯಿರದೆಂದೂ ಅವರು ಬರೆದರು. ಉತ್ತರಪತ್ರಿಕೆಗಳ ಕೆಲಸ ಮುಗಿದೊಡನೆ, ಏಪ್ರಿಲಿನ ಮೊದಲ ಭಾಗದಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಒಂದು ವರ್ಷ ತಮ್ಮನಿಗೆ ಅಮ್ಮನೆದ್ದು ನಿಂತುಹೋಯಿತು. ಹೊರಟದ್ದು ಮರುವರ್ಷ.

ಇನ್ನು ತಾಯಿಯವರ ಸೀಸದಕಡ್ಡಿಯ ವಿಷಯ. ತಂದೆಯವರು ಹಳಿಯನ್ನು ಬಲ್ಲವರು; ತಾಯಿಯವರು ಹಳಿಯ ಮೇಲೆ ಕುಳಿತು ಹೋಗುವವರನ್ನು ಬಲ್ಲವರು. ‘ಕಲ್ಲಾರು ಬಿಟ್ಟ ಮೇಲೆ ಹಲ್ಲುಹಳಿ ಆರಂಭ’ ಎಂಬ ಶಾಯಿಯ ಸಾಲಿನ ಬಳಿಯಲ್ಲಿ ‘ಅಷ್ಟರೊಳಗೆ ಮಗೂಗೆ ಸ್ವೆಟರು’ ಎಂದಿದೆ. ದಿಂಬಂ ಘಟ್ಟದ ತಿರುವುಗಳ ಲೆಕ್ಕದ ಪಕ್ಕದಲ್ಲಿ ‘ನಿಂಬೆಹಣ್ಣು ಆರು, ಹಳೇ ಪಂಚೆ ಎರಡು’. ‘ಹಿಲ್‌ಗ್ರೋವಿನಲ್ಲಿ ಎಂಜಿನ್ನು ನೀರು ಕುಡಿಯುತ್ತದೆ’ ಎಂಬಲ್ಲಿ ‘ಮಕ್ಕಳನ್ನು ಇಳಿಸುವುದು’. ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ಅರವಂಕಾಡಿನ ತಮ್ಮನವರಿಗಾಗಿ ರಸಬಾಳೆಯ ಎರಡು ಚಿಪ್ಪು. ಇದಲ್ಲದೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆ.

ಬಿಲ್ವಪತ್ರೆ ಅಜ್ಜಿಗಾಗಿ, ಎಂದರೆ ನಮ್ಮ ತಂದೆಯವರ ತಾಯಿಗಾಗಿ. ಅಜ್ಜಿ ಇಷ್ಟಲಿಂಗದ ಪೂಜೆಯಾಗದೆ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಬೇಯಿಸಿದ್ದಲ್ಲದೆ ಅನ್ನವನ್ನು ಉಣ್ಣುತ್ತಿರಲಿಲ್ಲ. ರೈಲಿನಲ್ಲಿ ಕುಳಿತಂತೂ ಏನನ್ನೂ ತಿನ್ನುತ್ತಿರಲಿಲ್ಲ. ತಂದೆಯವರ ಹವಣಿಕೆಯಂತೆ ಮೇಟುಪಾಳಯದಲ್ಲಿ ಬೆಳಿಗ್ಗೆ ಹತ್ತಿದರೆ ಉದಕಮಂಡಲದವರೆಗೆ ಅಖಂಡ ಪ್ರಯಾಣ, ಅಲ್ಲಿ ಛತ್ರವೊಂದರಲ್ಲಿ ಎರಡು ರಾತ್ರಿ ಇದ್ದು, ಹಿಂದಿರುಗುವಾಗ ಅರವಂಕಾಡಿನಲ್ಲಿ ಇಳಿಯುವುದು. ತಾಯಿಯವರು ಮೊದಲೇ ಅರವಂಕಾಡಿನಲ್ಲಿ ಇಳಿಯಬೇಕೆಂದರು. ಮನೆಯಲ್ಲಿ ಎದುರುಮಾತಾಡದ ಹೆಂಗಸು ಅವರು. ಆದರೆ ಆ ಒಂದು ವಿಷಯದಲ್ಲಿ ಒಂದು ವಾರ ಕದಲಲಿಲ್ಲ. ತಂದೆಯವರು ಶಾಯಿಯಲ್ಲಿ ಬರೆದಿದ್ದಾರೆ: ‘ಮಧ್ಯದಲ್ಲಿ ಇಳಿದರೆ ಟಿಕೀಟು ಎರಡಾಗುತ್ತದೆ, ಆರೋಹಣವೂ ಖಂಡವಾಗುತ್ತದೆ.’ ಅದರ ಕೆಳಗೆ ಸೀಸದಕಡ್ಡಿಯಲ್ಲಿ ಎರಡೇ ಮಾತು: ‘ಅತ್ತೆಗೆ ಊಟ.’

ಅಜ್ಜಿಗೆ ಆ ಬೆಟ್ಟವನ್ನು ನೋಡಬೇಕೆಂಬ ಆಸೆಯಿದ್ದುದು ಬೇರೆಯೇ ಕಾರಣಕ್ಕೆ. ಅವರ ತೌರು ಗುಂಡ್ಲುಪೇಟೆಯ ಕಡೆಯ ಹಳ್ಳಿ. ಅಲ್ಲಿ ಬರಿದೆ ‘ಬೆಟ್ಟ’ವೆಂದರೆ ನೀಲಗಿರಿಯೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮೇಸ್ತ್ರಿಗಳು ಬಂದು ಮುಂಗಡ ಕೊಟ್ಟು ಆಳುಗಳನ್ನು ತೋಟಗಳಿಗೆ ಕರೆದೊಯ್ಯುತ್ತಿದ್ದರಂತೆ. ಹೋದವರು ಕೆಲವರು ಕಂಬಳಿಯೊಂದನ್ನು ಹೊದ್ದು ಹಿಂದಿರುಗುತ್ತಿದ್ದರು, ಕೆಲವರು ಜ್ವರವನ್ನು ತರುತ್ತಿದ್ದರು, ಕೆಲವರು ಅಲ್ಲಿಯೇ ನಿಂತುಬಿಡುತ್ತಿದ್ದರು. ಅಜ್ಜಿಯ ಜೊತೆಯಲ್ಲಿ ಕೆರೆಗೆ ನೀರಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಹಾಗೆ ಹೋದವಳು ತಿರುಗಿ ಬರಲಿಲ್ಲ. “ಅದ್ಯಾವ ಗಿಡವೋ, ಅದನ್ನೊಂದು ಕಿತ ಕಣ್ಣಲ್ಲಿ ನೋಡ್ಬೇಕು ಕಣ ಮಗ” ಎಂದು ಅವರು ತಂದೆಯವರಿಗೆ ಹೇಳುತ್ತಿದ್ದರು. ಕಾಫಿಯನ್ನಲ್ಲದೆ ಬೇರೊಂದನ್ನು ಕಾಯಿಸದ ನಮ್ಮ ಮನೆಯಲ್ಲಿ ಚಹದ ಗಿಡವನ್ನು ಕುರಿತು ಇಷ್ಟು ಯೋಚನೆ ಮಾಡಿದವರು ಅವರೊಬ್ಬರೇ.

ಮೇಟುಪಾಳಯವನ್ನು ಸೇರಿದ ಬಗೆಯನ್ನು ವಿಸ್ತರಿಸಬೇಕಾದುದಿಲ್ಲ. ಹನ್ನೊಂದನೆಯ ತಿರುವಿಗೆ ತಮ್ಮನಿಗೆ ವಾಂತಿಯಾಯಿತು, ಪಂಚೆಯೂ ನಿಂಬೆಹಣ್ಣೂ ಕೆಲಸಕ್ಕೆ ಬಂದವು. ರಾತ್ರಿ ಸ್ಟೇಷನ್ನಿನ ಬಳಿಯ ಛತ್ರದಲ್ಲಿ ಸೆಕೆಗೆ ಯಾರಿಗೂ ನಿದ್ರೆ ಹತ್ತಲಿಲ್ಲ. ಬೆಳಗಿನ ನಾಲ್ಕಕ್ಕೆ ಅಜ್ಜಿ ಬಾವಿಯ ನೀರಿನಲ್ಲಿ ಮಿಂದು, ವಿಭೂತಿ ಧರಿಸಿ, ಹಿಂದಿನ ದಿನದ ಬಿಲ್ವಪತ್ರೆ ಬಾಡದೆ ಇದ್ದುದನ್ನು ಕಂಡು ಸೊಸೆಯ ಕಡೆಗೊಮ್ಮೆ ನೋಡಿ, ಕಂದೀಲಿನ ಬೆಳಕಿನಲ್ಲಿ ಪೂಜೆಗೆ ಕುಳಿತರು. ಮದರಾಸಿನಿಂದ ರಾತ್ರಿಯೆಲ್ಲ ಓಡಿ ಬರುವ ನೀಲಗಿರಿ ಎಕ್ಸ್‌ಪ್ರೆಸ್ಸು ಜನರನ್ನು ಇಳಿಸುವ ಮುನ್ನವೇ ನಾವು ಪ್ಲಾಟ್‌ಫಾರಮ್ಮಿನ ಮೇಲಿದ್ದೆವು.

ಎಂಜಿನ್ನು ಗಾಡಿಯ ಮುಂದಿರಲಿಲ್ಲ, ಹಿಂದಿದ್ದಿತು. ಬೆಟ್ಟದ ಗಾಡಿಯನ್ನು ಎಳೆಯುವುದಿಲ್ಲ, ಕೆಳಗಿನಿಂದ ಹೆಗಲುಕೊಟ್ಟು ನೂಕುತ್ತದೆ. ಸ್ವಿಸ್ ನಾಡಿನ ವಿಂಟರ್‌ಥೂರಿನಲ್ಲಿ ತಯಾರಾದ ಆ ಕರಿಯ ಯಂತ್ರದ ಪಕ್ಕದಲ್ಲಿ ಒಂದರ ಮೇಲೊಂದಾಗಿ ಎರಡು ಕೊಳವೆಗಳಿದ್ದವು. ಒಂದರ ಹಬೆ ಹಳಿಯ ಚಕ್ರಗಳನ್ನು ತಿರುಗಿಸಿ, ಹಾಗೆ ಬಳಸಿ ಬಿಟ್ಟ ಹಬೆಯೇ ಇನ್ನೊಂದರಲ್ಲಿ ಹೊಕ್ಕು ಹಲ್ಲುಚಕ್ರಗಳನ್ನು ತಿರುಗಿಸುವುದೆಂದು ತಂದೆಯವರು ತಮ್ಮನನ್ನು ಎತ್ತಿಕೊಂಡು ತೋರಿಸಿದರು. ಒಂದೊಂದು ಡಬ್ಬಿಯ ತುದಿಯಲ್ಲಿಯೂ ಬ್ರೇಕು ಹಿಡಿಯುವವನೊಬ್ಬನು ನಿಂತಿದ್ದನು. ಎಲ್ಲಕ್ಕೂ ಮುಂದಿನ ಡಬ್ಬಿಯವನ ಕೈಯಲ್ಲಿ ಹಸಿರು ಕೆಂಪು ನಿಶಾನೆಗಳು, ದಾರಿಯನ್ನು ಕಾಣಲಾರದ ಹಿಂದಿನ ಎಂಜಿನ್ನಿಗೆ ಅವನೇ ಕಣ್ಣು.

ಅಡಕೆಯ ತೋಟಗಳ ತಂಪಿನಲ್ಲಿ ಕಲ್ಲಾರು ಬಂದಿತು, ಹೋಯಿತು. ಅಲ್ಲಿಂದ ಮುಂದೆ ತಂದೆಯವರು ನಮ್ಮಿಬ್ಬರಿಗೂ ಕಣ್ಣು ಮುಚ್ಚಿಕೊಳ್ಳುವಂತೆ ಹೇಳಿದರು. ಗಾಡಿ ನಿಂತೇಹೋಯಿತೆಂಬಷ್ಟು ನಿಧಾನವಾಯಿತು; ಕಾಲಡಿಯಿಂದ ಒಂದು ಸಣ್ಣ ನಡುಕ ಬಂದಿತು; ಅನಂತರ ಏನೋ ಒಂದು ಕಚ್ಚಿ ಹಿಡಿದಂತೆ ಮೆಲ್ಲನೆಯ ಕುಲುಕು. “ಹಿಡಿಯಿತು!” ಎಂದರು ಅವರು. ನಾನು ಕಣ್ಣು ತೆರೆದು ನೋಡಿದಾಗ ಅವರೂ ಕಣ್ಣು ಮುಚ್ಚಿಕೊಂಡಿದ್ದರು. ಆ ಕ್ಷಣದಿಂದ ಎಂಜಿನ್ನಿನ ಉಸಿರು ಎರಡಾಯಿತು, ಒಂದು ದೀರ್ಘ, ಒಂದು ಹ್ರಸ್ವ. ಅವೆರಡೂ ಒಮ್ಮೊಮ್ಮೆ ಕೂಡಿಕೊಂಡು, ಒಮ್ಮೊಮ್ಮೆ ಅಗಲಿ, ಬೆಟ್ಟದ ಗೋಡೆಗೆ ತಾಗಿ ಹಿಂದಿರುಗುತ್ತಿದ್ದವು. ಗಂಟೆಗೆ ಎಂಟು ಮೈಲಿಯನ್ನು ಮೀರದ ಆ ನಡಿಗೆಯಲ್ಲಿ ಕಿಟಕಿಯ ಹೊರಗಿನ ಒಂದೊಂದು ಮರವನ್ನೂ ಅದರ ಬುಡದಿಂದ ತುದಿಯವರೆಗೆ ನೋಡಲು ವ್ಯವಧಾನವಿದ್ದಿತು. ಸುರಂಗ ಬಂದಾಗಲೆಲ್ಲ ಡಬ್ಬಿಯವರೆಲ್ಲರೂ ಕೂಗುತ್ತಿದ್ದರು. ಅಜ್ಜಿ ಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದರು. ಹಿಲ್‌ಗ್ರೋವಿನಲ್ಲಿ ಕೋತಿಗಳ ಹಿಂಡು, ನೀರು ಕುಡಿಯುವ ಎಂಜಿನ್ನು, ಮೊದಲ ಚಳಿ. ಸ್ವೆಟರನ್ನು ತಾಯಿಯವರು ಕಲ್ಲಾರಿನಲ್ಲಿಯೇ ಚೀಲದ ಮೇಲ್ಭಾಗಕ್ಕೆ ತೆಗೆದಿಟ್ಟಿದ್ದರು.

ಕಾಡು ತೆಳುವಾಗುತ್ತ ಬಂದು, ಕೂನೂರಿನ ಸಮೀಪದಲ್ಲಿ ಬೆಟ್ಟದ ಮೈಯೆಲ್ಲವೂ ಒಮ್ಮೆಗೇ ಬಾಚಿ ಹೆಣೆದಂತೆ ಕಾಣತೊಡಗಿತು. ಮಡಕೆಮಡಕೆಯಾಗಿ ಇಳಿಬಿದ್ದ ಇಳಿಜಾರುಗಳಲ್ಲಿ ಸೊಂಟದೆತ್ತರದ ಗಿಡಗಳು ಒಂದನ್ನೊಂದು ತಾಗಿಕೊಂಡು ಹಬ್ಬಿದ್ದವು. ನಡುನಡುವೆ ಬೆಳ್ಳಿಯ ಬಣ್ಣದ ಎಲೆಗಳನ್ನು ಮಗುಚುತ್ತ ನಿಂತ ಸಿಲ್ವರ್ ಓಕ್ ಮರಗಳು. ಸವರದೆ ಬಿಟ್ಟರೆ ಇದೂ ಮರವಾಗಿ ಬೆಳೆಯತಕ್ಕ ಸಸ್ಯವೆಂದೂ, ಎರಡು ಎಲೆ ಒಂದು ಕುಡಿಯನ್ನು ಮಾತ್ರ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಚಿವುಟುವರೆಂದೂ, ನಮ್ಮ ನೀಲಗಿರಿಯಲ್ಲಿ ಈ ಕೊಯಿಲಿಗೆ ವರ್ಷವಿಡೀ ಬಿಡುವಿಲ್ಲವೆಂದೂ ತಂದೆಯವರು ಹೇಳುತ್ತಿದ್ದರು. ಅಜ್ಜಿ ಕೇಳಿಸಿಕೊಳ್ಳುತ್ತಿರಲಿಲ್ಲ. ಹಳಿಗೆ ತೀರ ಹತ್ತಿರದ ಸಾಲೊಂದರಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು ಎರಡು ಕೈಗಳಿಂದಲೂ ಕುಡಿಗಳನ್ನು ಆಯುತ್ತಿದ್ದರು. ಅವರ ಬೆರಳ ತುದಿಗಳು ಕರೆಗಟ್ಟಿ ಕಪ್ಪಾಗಿದ್ದವು. ಕಣ್ಣು ಗಾಡಿಯ ಮೇಲಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಅಜ್ಜಿ ಕಿಟಕಿಯ ಸರಳನ್ನು ಹಿಡಿದು, ಅವರಲ್ಲಿ ವಯಸ್ಸಾದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಆ ನೋಟ ನನಗೆ ಆಗ ತಿಳಿಯಲಿಲ್ಲ. ಗಾಡಿ ತಿರುವನ್ನು ದಾಟಿದ ಮೇಲೆ, “ಇಷ್ಟು ಗಿಡ ಸವರೋಕೆ ಎಷ್ಟು ಕೈ ಬೇಕಾಯ್ತೋ” ಎಂದು ಯಾರಿಗೆಂದಿಲ್ಲದೆ ಹೇಳಿದರು.

ಅರವಂಕಾಡಿನಲ್ಲಿ ಮಾವ ಸ್ಟೇಷನ್ನಿಗೆ ಬಂದಿದ್ದರು. ಸೊಸೆಯ ತಮ್ಮನ ಮನೆಯಲ್ಲಿ ಉಳಿಯುವುದೆಂದು ಅಜ್ಜಿಗೆ ಮೊದಲು ಸಂಕೋಚವಿದ್ದಿತು. ಬಿಸಿನೀರಿನ ಸ್ನಾನ, ಅನ್ನ, ಅವರೆಬೇಳೆಯ ಸಾರು ಇವುಗಳ ಮುಂದೆ ಅದು ಕರಗಿತು. ತಂದೆಯವರು ಕೈಗಡಿಯಾರವನ್ನು ನೋಡಿ, ಆ ಹೊತ್ತಿಗೆ ಉದಕಮಂಡಲದಲ್ಲಿರಬೇಕಾಗಿದ್ದಿತೆಂದು ಒಮ್ಮೆ ಹೇಳಿದರು. ಎರಡನೆಯ ಬಾರಿ ಹೇಳಲಿಲ್ಲ.

ಸಂಜೆ ಮಾವನ ಮನೆಗೆ ಹಾಲು ತರುವ ಬಡಗರ ಹೆಂಗಸೊಬ್ಬಳು ಬಂದಳು. ಮೈತುಂಬ ಬಿಳಿಯ ಬಟ್ಟೆ, ಹಣೆಯನ್ನು ಬಿಗಿದು ಕಟ್ಟಿದ ಬಿಳಿಯ ವಸ್ತ್ರ. ಬಡಗರೆಂದರೆ ಬಡಗಿನಿಂದ, ಎಂದರೆ ನಮ್ಮ ಮೈಸೂರು ಸೀಮೆಯ ಕಡೆಯಿಂದ, ಬಹು ಹಿಂದೆ ಬೆಟ್ಟವನ್ನೇರಿ ಬಂದವರೆಂದು ಪ್ರತೀತಿ. ಅವರಲ್ಲಿ ಲಿಂಗವನ್ನು ಧರಿಸುವ ಒಡೆಯರೆಂಬ ಪಂಗಡವೂ ಉಂಟು. ಅವರ ಊರುಗಳು ಹಟ್ಟಿಗಳು. ಅವಳು ಹೊಸ್ತಿಲಲ್ಲಿ ಹಾಲಿನ ಪಾತ್ರೆಯನ್ನಿಳಿಸಿ, ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯನ್ನು ನೋಡಿ ತಲೆ ಬಾಗಿಸಿ, “ಹೆತ್ತೆ” ಎಂದಳು. ಅವರ ಮಾತಿನಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಅವರ ಕುಲದೈವದ ಹೆಸರೂ ಅದೇ. ಮಾವ ಇದನ್ನು ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, “ಹೆತ್ತವಳು ಅಂತಾಳೆ, ಅಲ್ಲವೇ? ಗೊತ್ತಾಯ್ತು ಬಿಡಪ್ಪ” ಎಂದು, ಅವಳಿಗೆ ಪಕ್ಕದಲ್ಲಿ ಮಣೆ ಹಾಕಿಸಿದರು. ಕತ್ತಲಾಗುವವರೆಗೆ ಅವರಿಬ್ಬರೂ ಮಾತಾಡಿದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಬೀಸುವ ಕಲ್ಲಿನ ಪದಗಳಲ್ಲಿ ಕೇಳಿದ್ದ ಕೆಲವು ಹಳೆಯ ಮಾತುಗಳು ಅವಳ ಬಾಯಲ್ಲಿ ಬದುಕಿದ್ದವು. ತನ್ನೊಡನೆ ನೀರಿಗೆ ಬರುತ್ತಿದ್ದವಳ ಹೆಸರನ್ನು ಅಜ್ಜಿ ಕೇಳಿದರು. ತೋಟಗಳಿಗೆ ಬಂದವರ ಹೆಸರು ಹಟ್ಟಿಯವರಿಗೆ ತಿಳಿಯುವುದು ಎಲ್ಲಿಂದ? ಅವಳು ಇಲ್ಲವೆಂದು ತಲೆಯಾಡಿಸಿ, ಅಜ್ಜಿಯ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದಳು. ಮಾವನ ಹೆಂಡತಿ ಲೋಟಗಳಲ್ಲಿ ಚಹವನ್ನು ತಂದಿಟ್ಟರು. ಅಜ್ಜಿ ತಮ್ಮ ಲೋಟವನ್ನು ಎರಡು ಕೈಗಳಲ್ಲಿಯೂ ಹಿಡಿದು, ಆರುವವರೆಗೂ ನೋಡಿ, ಪೂರ್ತಿ ಕುಡಿದರು.

ಮಾರನೆಯ ದಿನ ಉಳಿದ ದಾರಿ. ಕೇತಿಯ ಕಣಿವೆ, ಅದರ ಅಂಚಿನ ಹಟ್ಟಿಗಳು, ಆಲೂಗೆಡ್ಡೆಯ ಹೊಲಗಳು, ಲವ್‌ಡೇಲಿನ ನೀಲಗಿರಿ ಮರಗಳ ವಾಸನೆ, ನಮ್ಮ ಮಹಾರಾಜರ ಫರ್ನ್‌ಹಿಲ್ ಅರಮನೆಯಿರುವ ದಿಕ್ಕು, ಕೊನೆಗೆ ಉದಕಮಂಡಲ. ಎಲ್ಲವೂ ಸುಂದರವಾಗಿಯೇ ಇದ್ದವು, ತಂದೆಯವರ ಪುಸ್ತಕದಲ್ಲಿ ಇದ್ದಂತೆಯೇ ಒಂದಾದ ಮೇಲೊಂದು ಬಂದವು. ಆದರೆ ಕೂನೂರಿನಿಂದ ಮೇಲೆ ಹಲ್ಲುಹಳಿಯಿಲ್ಲ. ಆ ಎರಡು ಉಸಿರುಗಳಲ್ಲಿ ಒಂದು ಅಡಗಿದ್ದಿತು.

2005ರಲ್ಲಿ ಆ ಮಾರ್ಗವು ವಿಶ್ವಪರಂಪರೆಯ ಪಟ್ಟಿಗೆ ಸೇರಿತೆಂದು ಪತ್ರಿಕೆಯಲ್ಲಿ ಓದಿದ ದಿನ ನಾನು ಬೀರುವನ್ನು ತೆರೆದು ಕೆಂಪು ರಟ್ಟಿನ ಪುಸ್ತಕವನ್ನು ಹೊರತೆಗೆದೆ. ಕಡೆಯ ಪುಟವನ್ನು ಅದುವರೆಗೆ ನಾನು ಸರಿಯಾಗಿ ನೋಡಿರಲಿಲ್ಲ. ಹಿಂದಿರುಗಿ ಬಂದ ರಾತ್ರಿಯೋ ಮಾರನೆಯ ದಿನವೋ ಬರೆದಿರಬೇಕು. ಅಲ್ಲಿ ಮೊದಲು ಇರುವುದು ಸೀಸದಕಡ್ಡಿಯ ಅಕ್ಷರ: ‘ಇನ್ನೊಂದು ಸಲ ಹೋದರೆ, ಕಂಬಳಿ ಒಂದು ಸಾಲದು. ಗೊಜ್ಜು ಜಾಸ್ತಿ. ಹಾಲಿನವಳಿಗೆ ಕುಪ್ಪಸದ ಬಟ್ಟೆ. ಅರವಂಕಾಡಿನಲ್ಲಿ ಎರಡು ದಿನ.’ ಅದರ ಕೆಳಗೆ, ಶಾಲೆಯ ಮಕ್ಕಳ ರಜೆಚೀಟಿಗಳ ಮೇಲೆ ಬರೆಯುತ್ತಿದ್ದಂತೆಯೇ, ನೀಲಿ ಶಾಯಿಯಲ್ಲಿ ‘ಒಪ್ಪಿದೆ’ ಎಂದು ಬರೆದು ತಂದೆಯವರು ರುಜು ಹಾಕಿದ್ದಾರೆ.